ಪರಿತ್ಯಕ್ತ ಯಂತ್ರಗಳ ಪುನರುಪಯೋಗ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹವ್ಯಾಸಿ ರೇಡಿಯೋಗಾರರ ‘ರಿಪೀಟರ್’ ಎಂಬ ಪುನಃಪ್ರಸಾರ ಕೇಂದ್ರಗಳು ಹಬ್ಬಿದ ಬಗೆಯನ್ನು ವಿಚಾರಿಸಿದರೆ, ಅದರ ಮೂಲದಲ್ಲಿ ಧನಬಲಕ್ಕಿಂತ ಅನ್ಯರು ತ್ಯಜಿಸಿದ ಯಂತ್ರಗಳೇ ಹೆಚ್ಚಾಗಿ ಕಂಡುಬರುವುವು.

ಎಡ್ವಿನ್ ಆರ್ಮ್‌ಸ್ಟ್ರಾಂಗನು 1933ರಲ್ಲಿ ಎಫ್.ಎಂ. ಪದ್ಧತಿಗೆ ಪೇಟೆಂಟು ಪಡೆದನು. 1940ರಲ್ಲಿ ಡೇನಿಯಲ್ ನೋಬಲ್ ಎಂಬ ಪ್ರಾಧ್ಯಾಪಕನು ಕನೆಕ್ಟಿಕಟ್ ಸಂಸ್ಥಾನದ ಪೊಲೀಸು ವಾಹನಗಳಿಗೆ ಅದನ್ನು ಅಳವಡಿಸಿದನು. ಯುದ್ಧಾನಂತರ ಟ್ಯಾಕ್ಸಿಗಳವರೂ ವರ್ತಕರೂ ಇಂತಹ ಯಂತ್ರಗಳನ್ನು ಕೊಂಡರು. ಬಳಸುವವರು ಹೆಚ್ಚಿದಂತೆ ಆವರ್ತನಗಳು ಸಾಲದಾದುವು. ಆದುದರಿಂದ ಸರಕಾರದ ಸಂಪರ್ಕ ಆಯೋಗವು ಒಂದೊಂದು ಯಂತ್ರದ ಆವರ್ತನ ವಿಚಲನೆಯನ್ನು 15 ಕಿಲೋಹರ್ಟ್ಸಿನಿಂದ 5ಕ್ಕೆ ಇಳಿಸಿತು. 1960ರ ದಶಕದಲ್ಲಿ, ಸುಸ್ಥಿತಿಯಲ್ಲಿದ್ದ ಸಾವಿರಾರು ಯಂತ್ರಗಳು ಈ ಶಾಸನದಿಂದಲೇ ನಿರುಪಯುಕ್ತವಾಗಿ ಅಲ್ಪಬೆಲೆಗೆ ಬಿಕರಿಯಾದುವು.

ಹವ್ಯಾಸಿಗಳಿಗೆ ಇದು ನಿಧಿಯೇ ಆಯಿತು. ವರ್ತಕರ 150 ಮೆಗಾಹರ್ಟ್ಸಿನ ಪಟ್ಟಿಗೆ ಸಮೀಪದಲ್ಲಿಯೇ 144ರಿಂದ 148ರವರೆಗೆ ಅವರ ಪಟ್ಟಿಯಿದ್ದುದರಿಂದ, ಸ್ಫಟಿಕಗಳನ್ನು ಬದಲಿಸಿ ಸುರುಳಿಗಳನ್ನು ಶ್ರುತಿಗೂಡಿಸಿದರೆ ಯಂತ್ರವು ಅವರದಾಗುತ್ತಿತ್ತು. ಬೆಟ್ಟದ ಮೇಲೆ ಒಂದನ್ನು ಕೇಳುವುದಕ್ಕೂ, 600 ಕಿಲೋಹರ್ಟ್ಸಿನ ಅಂತರದಲ್ಲಿ ಇನ್ನೊಂದನ್ನು ನುಡಿಯುವುದಕ್ಕೂ ಇರಿಸಿ, ಧ್ವನಿ ಬಂದೊಡನೆ ಎರಡನೆಯದನ್ನು ಎಚ್ಚರಿಸುವ ರಿಲೇಯೊಂದನ್ನು ನಡುವೆ ಸೇರಿಸಿದರೆ ರಿಪೀಟರು ಸಿದ್ಧ. ಆದರೆ ತೊಡಕುಗಳು ಎರಡಿದ್ದುವು. ನುಡಿಯುವ ಯಂತ್ರದ ಪ್ರಬಲ ತರಂಗವು ಪಕ್ಕದ ಯಂತ್ರವನ್ನು ಕಿವುಡಾಗಿಸುತ್ತಿತ್ತು. ಇದನ್ನು ತಡೆಯಲು ಲೋಹದ ದೊಡ್ಡ ಕೊಳವೆಗಳಂತಹ ಶೋಧಕಗಳು ಬೇಕಾದುವು. ವಾಹನದ ಯಂತ್ರವು ಕ್ಷಣಕಾಲ ಮಾತನಾಡಿ ವಿಶ್ರಮಿಸುವಂತೆ ರಚಿತವಾದುದು. ರಿಪೀಟರಿನಲ್ಲಿಯಾದರೋ ಅದಕ್ಕೆ ಬಿಡುವಿಲ್ಲ. ಆದುದರಿಂದ ಬಲ್ಲವರು ಅದರ ಶಕ್ತಿಯನ್ನು ತಗ್ಗಿಸಿ ಬೀಸಣಿಗೆಯನ್ನು ಜೋಡಿಸಿದರು. ಹಾಗೆ ಮಾಡದವರ ಯಂತ್ರಗಳು ಸುಟ್ಟುಹೋದುವು.

1972ರಲ್ಲಿ ಆಯೋಗವು ರಿಪೀಟರುಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ವಿಧಿಸಿತು. 2013ರ ಜನವರಿ 1ರಿಂದ ವರ್ತಕರ ಪಥಗಳು 25 ಕಿಲೋಹರ್ಟ್ಸಿನಿಂದ 12.5ಕ್ಕೆ ಇಳಿದಾಗ, ಹಳೆಯ ಕಥೆಯೇ ಪುನರಾವೃತ್ತವಾಗಿ, ಮೋಟೊರೋಲಾ ಸಂಸ್ಥೆಯ ಮ್ಯಾಕ್ಸ್‌ಟ್ರಾಕ್ ಮುಂತಾದ ಯಂತ್ರಗಳು ಹವ್ಯಾಸಿಗಳ ಕೈಸೇರಿದುವು.

ಕಣಿವೆಯಲ್ಲಿ ನಿಂತವನ ಪುಟ್ಟ ಯಂತ್ರದ ದನಿಯು ಬೆಟ್ಟವನ್ನು ದಾಟಲಾರದು. ಬೆಟ್ಟದ ಮೇಲಿನ ರಿಪೀಟರು ಅದನ್ನು ದಾಟಿಸುವುದು. ಪ್ರವಾಹ ಬಿರುಗಾಳಿಗಳಲ್ಲಿ ತಂತಿಗಳು ಕಡಿದಾಗ ಇದರ ಬೆಲೆ ತಿಳಿಯುವುದು. ಹವ್ಯಾಸಿಯು ಇದರಿಂದ ಹಣ ಗಳಿಸುವುದು ಶಾಸನಕ್ಕೆ ಸಮ್ಮತವಲ್ಲ. ಆದುದರಿಂದ ಬೆಲೆ ಕಡಿಮೆಯಾದ ಹಳೆಯ ಯಂತ್ರವೂ ಅದನ್ನು ಪಳಗಿಸುವ ವಿದ್ಯೆಯೂ ಇಲ್ಲದಿದ್ದರೆ ಎಷ್ಟೋ ಬೆಟ್ಟಗಳು ಮೂಕವಾಗಿಯೇ ಉಳಿಯುತ್ತಿದ್ದುವು.