ವಿಮಾನ ಇಳಿಯದ ರಾಜಧಾನಿ: ಕೀವ್ ತಲುಪೋದು ಹೇಗೆ?

2022ರ ಫೆಬ್ರವರಿ 24ರ ಬೆಳಿಗ್ಗೆ ದೆಹಲಿಯಿಂದ ಏರ್ ಇಂಡಿಯಾ ವಿಮಾನವೊಂದು ಉಕ್ರೇನ್ ರಾಜಧಾನಿ ಕೀವ್‌ಗೆ ಹೊರಟಿತ್ತು. ಅಲ್ಲಿದ್ದ ಭಾರತೀಯರನ್ನು ಕರೆತರೋದು ಅದರ ಕೆಲಸ. ವಿಮಾನ ಇನ್ನೂ ದಾರಿಯಲ್ಲಿರುವಾಗಲೇ ರಷ್ಯಾ ದಾಳಿ ಶುರುವಾಯಿತು, ಉಕ್ರೇನ್ ತನ್ನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ವಿಮಾನ ಅರ್ಧದಾರಿಯಿಂದಲೇ ದೆಹಲಿಗೆ ವಾಪಸ್.

ಅವತ್ತು ಮುಚ್ಚಿದ ಆಕಾಶ ಇನ್ನೂ ತೆರೆದಿಲ್ಲ. ಕೀವ್‌ಗೆ ಎರಡು ವಿಮಾನ ನಿಲ್ದಾಣಗಳಿವೆ: ಬೋರಿಸ್ಪಿಲ್ ಮತ್ತು ಝುಲ್ಯಾನಿ. ಎರಡರಲ್ಲೂ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ. ಆದರೂ ಜನ ಹೋಗ್ತಿದ್ದಾರೆ, ಬರ್ತಿದ್ದಾರೆ. ದೇಶಗಳ ಪ್ರಧಾನಿಗಳೂ ಹೋಗ್ತಿದ್ದಾರೆ. ಹೇಗೆ ಅನ್ನೋದು ಪ್ರವಾಸದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. ಒಂದು ರಾಜಧಾನಿ ಜಗತ್ತಿನ ಜೊತೆ ಸಂಪರ್ಕ ಉಳಿಸಿಕೊಳ್ಳೋದು ಯಾವುದರ ಬಲದಿಂದ ಅನ್ನೋ ಪ್ರಶ್ನೆಯೂ ಹೌದು. ಕೀವ್ ಮಟ್ಟಿಗೆ ಅದಕ್ಕೆ ಉತ್ತರ ಸರ್ಕಾರಿ ರೈಲು.

ಮುಖ್ಯ ದಾರಿ: ಪೋಲೆಂಡ್‌ನಿಂದ ರೈಲು

ಹೆಚ್ಚು ಬಳಕೆಯಲ್ಲಿರುವ ದಾರಿ ಪೋಲೆಂಡ್ ಗಡಿಯ ಪ್ಷೆಮಿಶ್ಲ್ ಎಂಬ ಸಣ್ಣ ಊರಿನದು. ಕ್ರಾಕೋವ್‌ನಿಂದಲೋ ವಾರ್ಸಾದಿಂದಲೋ ಅಲ್ಲಿಗೆ ಪೋಲೆಂಡ್‌ನ ರೈಲು ಸಿಗುತ್ತೆ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಉಕ್ರೇನ್‌ನ ಸರ್ಕಾರಿ ಸಂಸ್ಥೆ ಉಕ್ರಝಲಿಝ್ನಿತ್ಸಿಯಾದ ರೈಲು ಹತ್ತಬೇಕು. ಅಲ್ಲಿಂದ ಲ್ವಿವ್ ಮೂಲಕ ಕೀವ್‌ಗೆ ಹೆಚ್ಚುಕಡಿಮೆ 10 ಗಂಟೆ. ವಾರ್ಸಾದಿಂದ ನೇರವಾಗಿ ಕೀವ್‌ಗೆ ಹೋಗುವ ಸ್ಲೀಪರ್ ರೈಲೂ ಉಂಟು. ಪೋಲೆಂಡ್‌ನದೇ ಹೆಲ್ಮ್ ಎಂಬ ಊರಿನಿಂದ ಇನ್ನೊಂದು ದಾರಿ ಇದೆ. ಟಿಕೆಟ್ ರೈಲ್ವೆಯ ಆ್ಯಪ್‌ನಲ್ಲೇ ಸಿಗುತ್ತೆ, ಆದರೆ ಬೇಗ ಖಾಲಿಯಾಗುತ್ತೆ.

ಪ್ಷೆಮಿಶ್ಲ್‌ನಲ್ಲಿ ರೈಲು ಬದಲಿಸೋದು ಯಾಕೆ? ಹಳಿಯ ಅಗಲದ ಕಾರಣಕ್ಕೆ. ಯುರೋಪಿನ ಬಹುಭಾಗದಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿ.ಮೀ. ಉಕ್ರೇನ್‌ನಲ್ಲಿ 1520 ಮಿ.ಮೀ., ಅದು ರಷ್ಯನ್ ಸಾಮ್ರಾಜ್ಯ ಮತ್ತು ಸೋವಿಯತ್ ಕಾಲದ ಬಳುವಳಿ. ವ್ಯತ್ಯಾಸ ಬರೀ ಎಂಟೂವರೆ ಸೆಂಟಿಮೀಟರ್. ಅಷ್ಟಕ್ಕೇ ಒಂದು ಕಡೆಯ ರೈಲು ಇನ್ನೊಂದು ಕಡೆ ಓಡಲ್ಲ. ಪ್ಷೆಮಿಶ್ಲ್ ನಿಲ್ದಾಣದವರೆಗೂ ಅಗಲ ಹಳಿ ಬಂದಿರೋದರಿಂದ ಪ್ರಯಾಣಿಕರು ಅಲ್ಲಿ ರೈಲು ಬದಲಿಸಿದರೆ ಸಾಕು.

ವಾರ್ಸಾದ ನೇರ ರೈಲಿನಲ್ಲಿ ಪ್ರಯಾಣಿಕರು ಇಳಿಯಬೇಕಿಲ್ಲ, ಬೋಗಿ ಬದಲಾಗುತ್ತೆ. ನಾವು ರೂಢಿಯಲ್ಲಿ ಡಬ್ಬಿಗೇ ಬೋಗಿ ಅಂತೀವಿ. ಎಂಜಿನಿಯರಿಂಗ್‌ನಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗಿರುವ ಗಾಲಿಗಳ ಚೌಕಟ್ಟು. ಜನ ಒಳಗಿರುವಂತೆಯೇ ಡಬ್ಬಿಯನ್ನು ಜಾಕ್ ಕೊಟ್ಟು ಮೇಲೆತ್ತಿ, ಒಂದು ಅಳತೆಯ ಗಾಲಿ ತೆಗೆದು ಇನ್ನೊಂದು ಅಳತೆಯದನ್ನು ಕೂರಿಸ್ತಾರೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ಯುರೋಪಿನತ್ತ ಮುಖ ಮಾಡಿರುವ ದೇಶವೊಂದು ಸಾಮ್ರಾಜ್ಯ ಬಿಟ್ಟುಹೋದ ಅಳತೆಯನ್ನು ಗಡಿ ದಾಟುವಾಗಲೆಲ್ಲ ಹೀಗೆ ಕಳಚಿಡಬೇಕಾಗಿದೆ.

ಉಳಿದ ದಾರಿಗಳು

ಬಸ್: ಪೋಲೆಂಡ್, ಜರ್ಮನಿ, ಜೆಕ್ ಗಣರಾಜ್ಯದ ಹಲವು ನಗರಗಳಿಂದ ನೇರ ಬಸ್‌ಗಳಿವೆ. ರೈಲು ಟಿಕೆಟ್ ಸಿಗದವರಿಗೆ ಇದೇ ಗತಿ. ಆದರೆ ಗಡಿಯಲ್ಲಿ ಎಷ್ಟು ಹೊತ್ತು ಅಂತ ಯಾರೂ ಹೇಳಕ್ಕಾಗಲ್ಲ. ಬಸ್ಸಿನಲ್ಲಿರುವ ಎಲ್ಲರ ತಪಾಸಣೆ ಮುಗಿಯುವವರೆಗೆ ಬಸ್ ಕದಲಲ್ಲ. ರಸ್ತೆಗೆ ರಾಜಕೀಯವೂ ಅಡ್ಡ ಬರುತ್ತೆ: 2023ರ ನವೆಂಬರ್‌ನಲ್ಲಿ ಪೋಲೆಂಡ್‌ನ ಲಾರಿ ಮಾಲೀಕರು, ಆಮೇಲೆ ರೈತರು ಗಡಿ ತಡೆದು ಕೂತಾಗ ಲಾರಿಗಳು ದಿನಗಟ್ಟಲೆ ಸಾಲಿನಲ್ಲಿ ನಿಂತಿದ್ದವು.

ದಕ್ಷಿಣದ ದಾರಿ: ಮಾಲ್ಡೋವಾದ ರಾಜಧಾನಿ ಕಿಶಿನೌವರೆಗೆ ವಿಮಾನ, ಅಲ್ಲಿಂದ ಕೀವ್‌ಗೆ ರೈಲು. ರೊಮೇನಿಯಾ ಕಡೆಯಿಂದ ಬರುವವರು ಚೆರ್ನಿವ್ಟ್ಸಿವರೆಗೆ ರಸ್ತೆಯಲ್ಲಿ, ಹಂಗೇರಿ ಕಡೆಯಿಂದ ಬರುವವರು ಚೋಪ್ ಗಡಿ ನಿಲ್ದಾಣದ ಮೂಲಕ ಬರ್ತಾರೆ.

ಯಾವ ದಾರಿ ಹಿಡಿದರೂ ಕೀವ್‌ನಲ್ಲಿ ರಾತ್ರಿ ಕರ್ಫ್ಯೂ ಇದೆ ಅನ್ನೋದು ನೆನಪಿರಲಿ. ತಡರಾತ್ರಿ ಬಂದಿಳಿದರೆ ನಿಲ್ದಾಣದಲ್ಲೇ ಬೆಳಕು ಹರಿಸಬೇಕು.

ಪ್ರಧಾನಿಗೂ ಅದೇ ಹಳಿ

2022ರ ಮಾರ್ಚ್ 15ರಂದು, ರಾಜಧಾನಿಯ ಅಂಚಿನಲ್ಲಿ ಇನ್ನೂ ಕಾಳಗ ನಡೀತಿದ್ದಾಗ, ಪೋಲೆಂಡ್, ಜೆಕ್ ಮತ್ತು ಸ್ಲೊವೇನಿಯಾದ ಪ್ರಧಾನಿಗಳು ರೈಲಿನಲ್ಲಿ ಕೀವ್ ತಲುಪಿದರು. ಜೂನ್‌ನಲ್ಲಿ ಮ್ಯಾಕ್ರಾನ್, ಶೋಲ್ಸ್, ದ್ರಾಗಿ ಒಟ್ಟಿಗೇ ಹೋದರು. 2023ರ ಫೆಬ್ರವರಿ 20ರಂದು ಜೋ ಬೈಡನ್. 2024ರ ಆಗಸ್ಟ್ 23ರಂದು ನರೇಂದ್ರ ಮೋದಿ, ಉಕ್ರೇನ್‌ಗೆ ಭೇಟಿ ಕೊಟ್ಟ ಮೊದಲ ಭಾರತದ ಪ್ರಧಾನಿ. ಅವರೂ ಪೋಲೆಂಡ್‌ನಿಂದ ರಾತ್ರಿಯಿಡೀ ರೈಲಿನಲ್ಲೇ ಪ್ರಯಾಣ ಮಾಡಿದ್ದರು. ಉಕ್ರೇನ್ ರೈಲ್ವೆ ಇದಕ್ಕಿಟ್ಟ ಹೆಸರು ‘ಕಬ್ಬಿಣದ ರಾಜತಾಂತ್ರಿಕತೆ’.

ಅತಿಥಿಗಳ ಡಬ್ಬಿ ಬೇರೆ, ಭದ್ರತೆ ಬೇರೆ. ಹಳಿ ಮಾತ್ರ ಅದೇ. 2022ರ ಮೊದಲ ವಾರಗಳಲ್ಲಿ ಲಕ್ಷಾಂತರ ಜನರನ್ನು ಪಶ್ಚಿಮಕ್ಕೆ ಉಚಿತವಾಗಿ ಸಾಗಿಸಿದ್ದೂ ಇದೇ ರೈಲ್ವೆ. ಅವರಲ್ಲಿ ನಮ್ಮವರೂ ಇದ್ದರು. ಮಾರ್ಚ್ 1ರಂದು ಭಾರತದ ರಾಯಭಾರ ಕಚೇರಿ, ರೈಲೋ ಇನ್ನೇನೋ ಸಿಕ್ಕಿದ್ದರಲ್ಲಿ ಇವತ್ತೇ ಕೀವ್ ಬಿಡಿ ಅಂತ ಸೂಚನೆ ಕೊಟ್ಟಿತು. ಅದೇ ದಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಉಳಿದವರು ಗಡಿ ದಾಟಿ, ಪೋಲೆಂಡ್, ರೊಮೇನಿಯಾ, ಹಂಗೇರಿ, ಸ್ಲೊವಾಕಿಯಾದಿಂದ ‘ಆಪರೇಷನ್ ಗಂಗಾ’ ವಿಮಾನ ಹತ್ತಿದರು. ಆ ವಿಮಾನಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಅಲ್ಲಿವರೆಗೆ ಅವರನ್ನು ತಲುಪಿಸಿದ ರೈಲಿನ ಬಗ್ಗೆ ಕಡಿಮೆ.

ಇದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. 2022ರ ಏಪ್ರಿಲ್ 8ರಂದು ಕ್ರಮಟೋರ್ಸ್ಕ್ ನಿಲ್ದಾಣದಲ್ಲಿ ರೈಲಿಗಾಗಿ ಕಾಯ್ತಿದ್ದ ಜನರ ಮೇಲೆ ಕ್ಷಿಪಣಿ ಬಿದ್ದು 50ಕ್ಕೂ ಹೆಚ್ಚು ಮಂದಿ ಸತ್ತರು. 2025ರ ಮಾರ್ಚ್‌ನಲ್ಲಿ ರೈಲ್ವೆಯ ಆನ್‌ಲೈನ್ ವ್ಯವಸ್ಥೆ ಮೇಲೆ ಸೈಬರ್ ದಾಳಿಯಾಯಿತು. ಆ್ಯಪ್ ನಿಂತುಹೋಗಿ ಕೌಂಟರ್ ಮುಂದೆ ಉದ್ದುದ್ದ ಸಾಲು, ಆದರೆ ರೈಲುಗಳು ಓಡುತ್ತಲೇ ಇದ್ದವು.

ಎಲ್ಲರಿಗೂ ಒಂದೇ ದಾರಿಯೇ?

ಅಲ್ಲ. ಯುದ್ಧಕಾಲದ ಕಾನೂನಿನಿಂದಾಗಿ ಉಕ್ರೇನ್‌ನ ಹೆಚ್ಚಿನ ವಯಸ್ಕ ಗಂಡಸರು ದೇಶ ಬಿಡುವಂತಿಲ್ಲ. ಆ ಮಿತಿ ಮೊದಲು 18ರಿಂದ 60 ವರ್ಷಕ್ಕಿತ್ತು. 2025ರ ಆಗಸ್ಟ್‌ನಲ್ಲಿ 22 ವರ್ಷದವರೆಗಿನವರಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಗಡಿ ದಾಟುವ ಡಬ್ಬಿಗಳಲ್ಲಿ ಕಾಣೋದು ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು.

ನಮ್ಮ ಪಾಸ್‌ಪೋರ್ಟ್‌ಗೆ ತೊಡಕು ಬೇರೆ ಥರದ್ದು. ಉಕ್ರೇನ್ ವೀಸಾ ಬೇಕು, ಪೋಲೆಂಡ್ ಮೂಲಕ ಹೋದರೆ ಷೆಂಗೆನ್ ವೀಸಾನೂ ಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾ ಗಡಿ ದಾಟಿದ ಕೂಡಲೇ ಮುಗಿದುಹೋಗುತ್ತೆ, ಅದೇ ದಾರೀಲಿ ವಾಪಸ್ ಬರಕ್ಕಾಗಲ್ಲ. ಎರಡು ಪ್ರವೇಶದ ವೀಸಾನೇ ಕೇಳಬೇಕು. 2022ರ ಅಕ್ಟೋಬರ್‌ನಲ್ಲಿ ಭಾರತ ತನ್ನ ಪ್ರಜೆಗಳಿಗೆ ಉಕ್ರೇನ್ ಬಿಡಲು ಹೇಳಿತ್ತು. ಅನಿವಾರ್ಯವಾಗಿ ಹೋಗುವವರು ರಾಯಭಾರ ಕಚೇರಿಯ ಹೊಸ ಸೂಚನೆ ಓದದೆ ಟಿಕೆಟ್ ಮಾಡಬಾರದು.

ಸಾರ್ವಜನಿಕ ಸಾರಿಗೆ ಅಂದ ಕೂಡಲೇ ನಮ್ಮಲ್ಲಿ ಲಾಭ ನಷ್ಟದ ಲೆಕ್ಕ ಶುರುವಾಗುತ್ತೆ. ಲೆಕ್ಕ ಬೇಡ ಅಂತಲ್ಲ. ಆದರೆ ವಿಮಾನ ನಿಂತ ದಿನ ಕೀವ್ ನಗರವನ್ನು ಹೊರಜಗತ್ತಿಗೆ ಜೋಡಿಸಿಟ್ಟಿದ್ದು ಹಳೇ ಹಳಿ, ಹಳೇ ಡಬ್ಬಿ ಮತ್ತು ಕೆಲಸ ಬಿಟ್ಟು ಓಡಿಹೋಗದ ರೈಲ್ವೆ ನೌಕರರು. ಆ ಉಪಕಾರವನ್ನು ಯಾವ ಕಾಲಂನಲ್ಲಿ ಬರೆಯೋದು ಅನ್ನೋದನ್ನೂ ಲೆಕ್ಕ ಕೇಳುವವರು ಹೇಳಬೇಕು.