ಕರಿಜೀರಿಗೆ ಎಣ್ಣೆ

ಕರಿಜೀರಿಗೆ ಎಣ್ಣೆಯು ನೈಜೆಲ್ಲಾ ಸಟೈವಾ ಎಂಬ ಸಸ್ಯದ ಕಪ್ಪು ಬೀಜಗಳಿಂದ ತೆಗೆಯುವ ತೈಲ. ಇದಕ್ಕೆ ಕಲೋಂಜಿ ಎಣ್ಣೆ ಎಂಬ ಹೆಸರೂ ಇದೆ. ಸಾಂಪ್ರದಾಯಿಕ ವೈದ್ಯಪದ್ಧತಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಎಣ್ಣೆಯನ್ನು ಇತ್ತೀಚೆಗೆ ಸ್ಮರಣಶಕ್ತಿ ಹಾಗೂ ಮಿದುಳಿನ ಆರೋಗ್ಯಕ್ಕೆ ಪೂರಕವೆಂದು ಸೀಸೆಗಳಲ್ಲಿ ಮತ್ತು ಕ್ಯಾಪ್ಸೂಲ್‌ಗಳಲ್ಲಿ ಮಾರಲಾಗುತ್ತಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳು ಆಶಾದಾಯಕವಾಗಿವೆ. ಆದರೆ ಮನುಷ್ಯರಲ್ಲಿ ನಡೆದ ಅಧ್ಯಯನಗಳು ಕಡಿಮೆ. ಅವುಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವವು ಬೀಜವನ್ನು ಕುರಿತವೇ ಹೊರತು ಎಣ್ಣೆಯನ್ನು ಕುರಿತವಲ್ಲ.

ಹೆಸರು ಮತ್ತು ಗುರುತು

ಸಂಸ್ಕೃತದಲ್ಲಿ ಈ ಬೀಜಕ್ಕೆ ಉಪಕುಂಚಿಕಾ, ಕೃಷ್ಣಜೀರಕ ಎಂಬ ಹೆಸರುಗಳಿವೆ. ಹಿಂದಿಯಲ್ಲಿ ಇದು ಕಲೋಂಜಿ; ಅರಬ್ಬಿಯಲ್ಲಿ ‘ಹಬ್ಬತುಸ್ಸೌದಾ’, ಎಂದರೆ ಕಪ್ಪು ಕಾಳು. ಹೆಸರಿನಲ್ಲಿ ಜೀರಿಗೆ ಇದ್ದರೂ ಇದು ಜೀರಿಗೆಯ ಬಂಧುವಲ್ಲ. ಜೀರಿಗೆ ಮತ್ತು ಶಾಹಿ ಜೀರಿಗೆಗಳು ಏಪಿಯೇಸೀ ಕುಟುಂಬಕ್ಕೆ ಸೇರಿದರೆ, ಕರಿಜೀರಿಗೆಯು ರನನ್‌ಕ್ಯುಲೇಸೀ ಕುಟುಂಬದ್ದು. ಕಹಿಯಾದ ಕಾಡುಜೀರಿಗೆಯು ಆಸ್ಟರೇಸೀ ಕುಟುಂಬದ ಮತ್ತೊಂದು ಗಿಡ. ಹೆಸರಿನ ಸಾಮ್ಯದಿಂದ ಒಂದರ ಬದಲು ಇನ್ನೊಂದನ್ನು ಕೊಳ್ಳುವ ಸಂಭವವಿರುವುದರಿಂದ ಸಸ್ಯಶಾಸ್ತ್ರೀಯ ಹೆಸರನ್ನು ನೋಡಿ ಗುರುತಿಸುವುದು ಕ್ಷೇಮ.

ಕರಿಜೀರಿಗೆಯು ಒಂದು ವರ್ಷದೊಳಗೆ ಬಾಳ್ವೆ ಮುಗಿಸುವ ಸಣ್ಣ ಗಿಡ. ಎಲೆಗಳು ದಾರದಂತೆ ಸೀಳಿರುತ್ತವೆ. ಹೂಗಳು ತಿಳಿನೀಲಿ ಅಥವಾ ಬಿಳಿ. ಉಬ್ಬಿದ ಕಾಯಿಯೊಳಗೆ ಮೂಲೆಗಳುಳ್ಳ ಕಪ್ಪು ಬೀಜಗಳಿರುತ್ತವೆ. 1753ರಲ್ಲಿ ಲಿನ್ನೇಯಸ್ ಇದಕ್ಕೆ ಈಗಿನ ಶಾಸ್ತ್ರೀಯ ನಾಮವನ್ನಿತ್ತನು.

ಇತಿಹಾಸ

ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಗ್ರಂಥದಲ್ಲಿ ಈ ಬೀಜವನ್ನು ವರ್ಣಿಸಿದ್ದಾನೆ. ಮರಣವೊಂದನ್ನುಳಿದು ಎಲ್ಲ ವ್ಯಾಧಿಗೂ ಇದು ಮದ್ದೆಂಬ ಆಶಯದ ಮಾತು ಹದೀಸ್ ಸಂಗ್ರಹಗಳಲ್ಲಿದ್ದು, ಮುಸ್ಲಿಂ ಸಮಾಜಗಳಲ್ಲಿ ಇದಕ್ಕೆ ವಿಶೇಷ ಗೌರವ ದೊರೆತಿದೆ. ಇಬ್ನ್ ಸೀನಾನ ವೈದ್ಯಗ್ರಂಥದಲ್ಲೂ ಯುನಾನಿ ಪದ್ಧತಿಯಲ್ಲೂ ಇದಕ್ಕೆ ಸ್ಥಾನವಿದೆ. ಅಡುಗೆಯಲ್ಲಿ ಇದು ಬಂಗಾಳದ ‘ಪಾಂಚ್ ಫೋರನ್’ ಎಂಬ ಐದು ಬೀಜಗಳ ಒಗ್ಗರಣೆಯಲ್ಲಿ ಒಂದು. ನಾನ್ ರೊಟ್ಟಿಯ ಮೇಲೂ ಉದುರಿಸುತ್ತಾರೆ.

ಘಟಕಗಳು

ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಸ್ಥಿರ ತೈಲ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲ. ಮಿದುಳಿನ ಜೀವಕೋಶಗಳ ಪೊರೆಯಲ್ಲಿ ಹೇರಳವಾಗಿರುವ, ಒಮೆಗಾ-3 ಗುಂಪಿನ ಡಿಎಚ್‌ಎ ಎಂಬ ಕೊಬ್ಬು ಇದರಲ್ಲಿಲ್ಲ. ಔಷಧೀಯ ಗುಣಗಳಿಗೆ ಮುಖ್ಯ ಕಾರಣವೆಂದು ಭಾವಿಸಲಾದ ಥೈಮೋಕ್ವಿನೋನ್, ಬೀಜದಲ್ಲಿ ಅಲ್ಪಪ್ರಮಾಣದಲ್ಲಿರುವ ಸುಗಂಧತೈಲದ ಅಂಶ. ಶಾಖ ಮತ್ತು ಬೆಳಕಿಗೆ ಇದು ಕೆಡುತ್ತದೆ. ಬೀಜದ ತಳಿ, ಎಣ್ಣೆ ತೆಗೆಯುವ ಕ್ರಮ ಮತ್ತು ಶೇಖರಣೆಗೆ ಅನುಗುಣವಾಗಿ ಇದರ ಪ್ರಮಾಣ ಬಹಳ ವ್ಯತ್ಯಾಸವಾಗುವುದರಿಂದ ಒಂದು ಸೀಸೆಯ ಎಣ್ಣೆ ಇನ್ನೊಂದಕ್ಕೆ ಸಮವೆನ್ನಲಾಗದು.

ಮಿದುಳಿನ ಆರೋಗ್ಯ

ಮನುಷ್ಯನ ಮಿದುಳು ದೇಹದ ತೂಕದ ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20ನ್ನು ಬಳಸುತ್ತದೆ. ಆದ್ದರಿಂದ ಉತ್ಕರ್ಷಣದಿಂದಾಗುವ ಹಾನಿಗೆ ಅದು ಸುಲಭವಾಗಿ ಈಡಾಗುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಥೈಮೋಕ್ವಿನೋನ್ ಈ ಹಾನಿಯನ್ನೂ ಉರಿಯೂತವನ್ನೂ ತಗ್ಗಿಸಿದ್ದು ಕಂಡುಬಂದಿದೆ. ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಒಡೆಯುವ ಕಿಣ್ವವನ್ನು ಇದು ತಡೆಯಬಲ್ಲದೆಂದೂ ಪ್ರಯೋಗಾಲಯದ ಅಧ್ಯಯನಗಳು ಸೂಚಿಸಿವೆ.

2013ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 500 ಮಿಲಿಗ್ರಾಂ ಬೀಜದ ಕ್ಯಾಪ್ಸೂಲನ್ನು ದಿನಕ್ಕೆರಡು ಬಾರಿಯಂತೆ 9 ವಾರ ನೀಡಲಾಯಿತು. ನೆನಪು ಮತ್ತು ಏಕಾಗ್ರತೆಯ ಪರೀಕ್ಷೆಗಳಲ್ಲಿ ಅವರ ಸಾಧನೆ ಉತ್ತಮಗೊಂಡಿತು. ಅದೇ ದೇಶದಲ್ಲಿ ಹದಿಹರೆಯದ 48 ಹುಡುಗರ ಮೇಲೆ 4 ವಾರ ನಡೆದ ಇನ್ನೊಂದು ಅಧ್ಯಯನವೂ ಅನುಕೂಲಕರ ಫಲಿತಾಂಶವನ್ನು ವರದಿ ಮಾಡಿತು. ಎರಡರಲ್ಲೂ ಭಾಗವಹಿಸಿದವರು ಕೆಲವರೇ, ಅವಧಿಯೂ ಅಲ್ಪ, ಭಾಗವಹಿಸಿದವರು ರೋಗಿಗಳಲ್ಲ. ಇವುಗಳ ಆಧಾರದಿಂದ ಆಲ್ಝೈಮರ್ ಕಾಯಿಲೆಯನ್ನು ಈ ಎಣ್ಣೆ ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎನ್ನಲು ಬರುವುದಿಲ್ಲ.

ಎಚ್ಚರಿಕೆ

ಆಹಾರದಲ್ಲಿ ಬಳಸುವಷ್ಟು ಪ್ರಮಾಣದ ಕರಿಜೀರಿಗೆ ಸಾಮಾನ್ಯವಾಗಿ ನಿರಪಾಯಕಾರಿ. ಪೂರಕವಾಗಿ ಸೇವಿಸುವ ಹೆಚ್ಚಿನ ಪ್ರಮಾಣವು ರಕ್ತದ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಇಳಿಸಬಹುದು. ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರು, ಗರ್ಭಿಣಿಯರು ಮತ್ತು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಎಣ್ಣೆ ಹಚ್ಚಿದಾಗ ಕೆಲವರ ಚರ್ಮದಲ್ಲಿ ಅಲರ್ಜಿ ಕಾಣಿಸಿಕೊಂಡದ್ದುಂಟು.

ಮರೆವು ಯಾವಾಗಲೂ ವಯಸ್ಸಿನ ಫಲವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ ಮತ್ತು ಕೆಲವು ಔಷಧಗಳಿಂದಲೂ ಅದು ಬರಬಹುದು; ಇವುಗಳಿಗೆ ಚಿಕಿತ್ಸೆಯುಂಟು. ಎಣ್ಣೆಯನ್ನೇ ನಂಬಿ ತಪಾಸಣೆಯನ್ನು ಮುಂದೂಡಿದರೆ ಗುಣಪಡಿಸಬಹುದಾದ ಕಾರಣವೂ ಪತ್ತೆಯಾಗದೆ ಉಳಿಯುತ್ತದೆ.

ಭಾರತದಲ್ಲಿ ನಿಯಂತ್ರಣ

ಆರೋಗ್ಯ ಪೂರಕವಾಗಿ ಮಾರುವ ಉತ್ಪನ್ನಗಳಿಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಾವಳಿ ಅನ್ವಯಿಸುತ್ತದೆ. ಅದರಂತೆ, ಉತ್ಪನ್ನವು ಔಷಧವಾಗಿ ಬಳಸಲು ಅಲ್ಲವೆಂಬ ಸೂಚನೆ ಲೇಬಲ್ಲಿನ ಮೇಲಿರಬೇಕು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954, ಮಿದುಳಿನ ರೋಗಗಳನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು ನಿಷೇಧಿಸಿದೆ.