ಬೇಡವಾದಾಗ ಬೀಗ, ಬೇಕಾದಾಗ ಕರೆ

ನಮ್ಮ ಹಿರೇಹಂದಿಗೋಳದಲ್ಲಿ ರೇಡಿಯೊ ಇದ್ದ ಮನೆಯಲ್ಲಿ ಲೈಸೆನ್ಸ್ ಪುಸ್ತಕವೂ ಇರುತ್ತಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಠಸ್ಸೆ ಹೊಡೆಸಿಕೊಂಡು ಬರಬೇಕು. ಧಾರವಾಡ ಆಕಾಶವಾಣಿ ಕೇಳುವುದಕ್ಕೇ ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ ಅದು. ಆಮೇಲೆ ನಾನು ಗದಗಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟೆ. ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುವಾಗ ಬಾತುಕೋಳಿಗಳು ಜಗಳಾಡಿದಂಥ ದನಿ ಸಿಗುತ್ತಿತ್ತು. ಅದು ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೊ ಪ್ರಸಾರ ಮಾಡುವವರ, ಮಾತು. ಅವರ ಸೈಡ್‌ಬ್ಯಾಂಡ್ ಪ್ರಸಾರವನ್ನು ಮನೆಯ ರೇಡಿಯೊ ಬಿಡಿಸಲಾರದು. ಗಿರಾಕಿಯೊಬ್ಬರು, "ಯಾರೋ ಗೂಢಚಾರ್ರು ಇರಬೇಕಲ್ರೀ" ಅಂದಿದ್ದರು.

ಸರ್ಕಾರಕ್ಕೂ ಅದೇ ಅನುಮಾನ. ಭಾರತದಲ್ಲಿ ಮೊದಲ ಹ್ಯಾಮ್ ಲೈಸೆನ್ಸ್ ಸಿಕ್ಕಿದ್ದು 1921ರಲ್ಲಿ, ಅಮರೇಂದ್ರ ಚಂದ್ರ ಗುಪ್ತುಗೆ. 1939ರಲ್ಲಿ ಯುದ್ಧ ಶುರುವಾದದ್ದೇ ತಡ, ಟ್ರಾನ್ಸ್‌ಮಿಟರ್‌ಗಳನ್ನು ಪೊಲೀಸರಿಗೆ ಒಪ್ಪಿಸಿ ಎಂದು ಬ್ರಿಟಿಷರ ಅಪ್ಪಣೆ ಬಂತು. ಅವರ ಭಯ ಸುಳ್ಳೇನಲ್ಲ. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೊಕ್ಕೆ ಯಂತ್ರ ಕಟ್ಟಿಕೊಟ್ಟ ನಾರಿಮನ್ ಪ್ರಿಂಟರ್ ಹ್ಯಾಮ್ ಆಗಿದ್ದವರು. ಸ್ವಾತಂತ್ರ್ಯ ಬಂತು, ಬೀಗ ಸಡಿಲವಾಯಿತು, ಪೂರ್ತಿ ತೆರೆಯಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್ಬು ಕಟ್ಟಿದವರು ಯುದ್ಧದ ಹಳೇ ಸಾಮಾನು, ವಾಲ್ವ್, ಕೈಯಲ್ಲೇ ಸುತ್ತಿದ ಕಾಯಿಲ್ ನಂಬಿಕೊಂಡವರ ಪೀಳಿಗೆ. ಆ ಬೆಸುಗೆಯ ಹೊಗೆ ಕುಡಿದವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಉಂಟು.

1978ರ ನಿಯಮಾವಳಿಯೂ ಇದೇ ಮನಸ್ಸಿನದು. ಹ್ಯಾಮ್ ಆದವನು ವ್ಯಾಪಾರದ ಮಾತು ಆಡಬಾರದು, ಬೇರೆಯವರ ಸುದ್ದಿ ಮುಟ್ಟಿಸಬಾರದು. ನೆರೆ, ಭೂಕಂಪದಂಥ ವಿಪತ್ತಿನಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಉಳಿದ ದಿನ ಹವ್ಯಾಸವೆಂದು ಬದಿಗಿಟ್ಟದ್ದನ್ನು ಆ ದಿನ ಸೇವೆ ಎಂದು ಕರೆಯುತ್ತಾರೆ.

ಇದಕ್ಕೆ ಅಂಡಮಾನಿಗಿಂತ ದೊಡ್ಡ ಸಾಕ್ಷಿ ಬೇಡ. ಬಹುಕಾಲ ಹ್ಯಾಮ್‌ಗಳಿಗೆ ಮುಚ್ಚಿದ್ದ ದ್ವೀಪದಿಂದ ಪ್ರಸಾರ ಮಾಡಲು ಹ್ಯಾಮ್ ಭಾರತಿ ಪ್ರಸಾದ್ ಕಾಡಿ ಬೇಡಿ ಅಪ್ಪಣೆ ಪಡೆದು, 2004ರ ಡಿಸೆಂಬರಿನಲ್ಲಿ ತಂಡದೊಂದಿಗೆ ಪೋರ್ಟ್ ಬ್ಲೇರ್‌ಗೆ ಹೋದರು. ಹೋದದ್ದು ಜಗತ್ತಿನ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸುವ ಖುಷಿಗೆ. 26ರಂದು ಸುನಾಮಿ ಬಂತು. ಫೋನುಗಳು ಸತ್ತವು. ಅದೇ ಯಂತ್ರ, ಅದೇ ಆಂಟೆನಾದಿಂದ "ನಿಮ್ಮವರು ಕ್ಷೇಮ" ಎಂಬ ಸುದ್ದಿ ಮುಖ್ಯಭೂಮಿಗೆ ಹೋಗತೊಡಗಿತು. ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ಯಂತ್ರ ಹೊತ್ತು ಹೋದರು. ನಾಲ್ಕು ತಿಂಗಳ ಮೇಲೆ, 2005ರ ಮೇ 5ರಂದು, ಇಸ್ರೊ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಹಾರಿಸಿತು. ಅನುಮಾನಕ್ಕೊಳಗಾಗಿದ್ದವರಿಗೆ ಆಕಾಶದಲ್ಲಿ ಸ್ವಂತದ್ದೊಂದು ಉಪಗ್ರಹ!

ಗದಗ ಜಿಲ್ಲೆಗೆ ಸಮುದ್ರವಿಲ್ಲ, ಆದರೆ ಮಲಪ್ರಭೆಯೂ ಬೆಣ್ಣಿಹಳ್ಳವೂ ಇವೆ. 2009ರಲ್ಲಿ ಉಕ್ಕಿದವು, 2019ರ ಆಗಸ್ಟಿನಲ್ಲಿ ಕೊಣ್ಣೂರು, ಹೊಳೆಆಲೂರಿನ ಕಡೆ ಮತ್ತೆ ನುಗ್ಗಿದವು. ಕರೆಂಟು ಹೋದರೆ ಮೊಬೈಲ್ ಟವರಿನ ಬ್ಯಾಟರಿ ತಡೆಯುವುದು ಕೆಲವೇ ತಾಸು. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು. ಹ್ಯಾಮ್‌ಗೆ ಕಾರಿನ 12 ವೋಲ್ಟ್ ಬ್ಯಾಟರಿ ಸಾಕು. 20 ಮೀಟರ್ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಎರಡು ಬೇವಿನ ಗಿಡಗಳ ನಡುವೆ ತೀರ ಎತ್ತರವಲ್ಲದಂತೆ ಕಟ್ಟಿದರೆ 7 ಮೆಗಾಹರ್ಟ್ಸ್‌ನ ಅಲೆ ನೆತ್ತಿಯ ಮೇಲಕ್ಕೇರಿ, ಅಯಾನುಗೋಲಕ್ಕೆ ಬಡಿದು ಕೆಳಗಿಳಿಯುತ್ತದೆ. ಹಗಲಿನಲ್ಲಿ ಬೆಂಗಳೂರು ಮುಟ್ಟಲು ಅಷ್ಟು ಸಾಕು. ಹಳ್ಳಿಹಳ್ಳಿಯ ನಡುವಿನ ಮಾತಿಗೆ 5 ವ್ಯಾಟಿನ ಕೈಸೆಟ್ ಇದೆ. ನರಗುಂದದ ಗುಡ್ಡದ ಮೇಲೊಬ್ಬ ನಿಂತು ಕೇಳಿದ್ದನ್ನು ಮುಂದೆ ದಾಟಿಸಿದರಾಯಿತು.

ಯಂತ್ರ ಸುಲಭ, ಶಿಸ್ತು ಕಷ್ಟ. ಒಬ್ಬನ ಹಿಡಿತದಲ್ಲಿ ನೆಟ್, ಅಂದರೆ ಒಂದೇ ಅಲೆಯ ಮೇಲೆ ಎಲ್ಲರೂ ಸೇರುವ ಮಾತುಕತೆ, ನಡೆಯಬೇಕು, ಅವನು ಕರೆದಾಗಲೇ ಉಳಿದವರು ಮಾತಾಡಬೇಕು. ಸುದ್ದಿ ಬರೆದುಕೊಂಡು ಓದಬೇಕು, ಕೇಳಿದವನು ತಿರುಗಿ ಓದಿ ಹೇಳಬೇಕು. ನಮ್ಮೂರ ಪಕ್ಕದಲ್ಲೇ ಚಿಕ್ಕಹಂದಿಗೋಳ ಇದೆ. ಗರಗರ ಸದ್ದಿನಲ್ಲಿ "ಹಂದಿಗೋಳ" ಅಷ್ಟೇ ಕೇಳಿಸಿದರೆ ಅಂಬುಲೆನ್ಸ್ ಎಲ್ಲಿಗೆ ಹೋಗಬೇಕು? ಅದಕ್ಕೇ ಊರಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವ ರೂಢಿ. ಇದೆಲ್ಲ ಬಾಯಿಗೆ ಬರಲು ಬಿಸಿಲಿನ ದಿನಗಳ ಹರಟೆಯೇ ಪಾಠಶಾಲೆ.

ಹುಡುಗರು ಅಂಗಡಿಗೆ ಬಂದು "ಕಲಿಸ್ರಿ ಕಾಕಾ" ಅನ್ನುತ್ತಾರೆ. ಮೊದಲು ಪರೀಕ್ಷೆ ಪಾಸಾಗಬೇಕು, ಆಮೇಲೆ ಲೈಸೆನ್ಸ್ ಕೈಗೆ ಬರಬೇಕು. ಮುಂದಿನ ನೆರೆಗೆ ಹೆಸರು ಕೊಡುವವರು ಈ ಬೇಸಿಗೆಯಲ್ಲಿ ಅರ್ಜಿ ಬರೆಯಲು ಕೂತರೆ ತಡವಾಯಿತೆಂದೇ ಲೆಕ್ಕ.